ವೇಸ್ಟ್‌ಗೇಟ್ ಸ್ಪ್ರಿಂಗ್ ಬದಲಿಸಿದ ಮೇಲೆ ಬೂಸ್ಟ್ ಹಳಿ ತಪ್ಪಿದರೆ: ದೋಷ ನಿವಾರಣೆ ಕೈಪಿಡಿ

ಟರ್ಬೊದ ವೇಸ್ಟ್‌ಗೇಟ್‌ಗೆ ಗಟ್ಟಿ ಸ್ಪ್ರಿಂಗ್ ಹಾಕಿದ ಮರುದಿನ ನನ್ನ ಕಾರು ಮೊದಲಿಗಿಂತ ಮಂದವಾಗಿ ಓಡಿತು. ದುಡ್ಡು ಕೊಟ್ಟು ಪಿಕಪ್ ಕಳೆದುಕೊಂಡ ಹಾಗಾಯಿತು. ಮೂರು ವಾರ ಸ್ಪ್ರಿಂಗಿಗೆ ಬೈದೆ, ಅದನ್ನು ಮಾರಿದವನಿಗೂ ಬೈದೆ. ಕೊನೆಗೆ ನೋಡಿದರೆ ಇಂಟರ್‌ಕೂಲರ್ (ಟರ್ಬೊದ ಗಾಳಿ ತಣಿಸುವ ಭಾಗ) ಕೆಳಗಿನ ಪೈಪಿನ ಕ್ಲಾಂಪ್ ಸಡಿಲವಾಗಿತ್ತು. ಬಿಚ್ಚಿದ್ದು ನಾನೇ, ಸರಿಯಾಗಿ ಬಿಗಿಯದೆ ಬಿಟ್ಟಿದ್ದೂ ನಾನೇ.

ಆಮೇಲೆ ಗೆಳೆಯರ ಕಾರುಗಳಲ್ಲೂ ಇದೇ ಕತೆ ನೋಡಿದೆ. ಸ್ಪ್ರಿಂಗ್ ಬದಲಿಸಿದ ಮೇಲೆ ಏನೇ ಕೆಟ್ಟರೂ ಎಲ್ಲರ ಕಣ್ಣು ಮೊದಲು ಹೋಗುವುದು ಸ್ಪ್ರಿಂಗ್ ಮೇಲೆ. ತಪ್ಪು ಸಿಗುವುದು ಹೆಚ್ಚಾಗಿ ಹೋಸ್‌ನಲ್ಲಿ, ಕ್ಲಾಂಪಿನಲ್ಲಿ, ಇಲ್ಲವೇ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಲೆಕ್ಕದಲ್ಲಿ. ಅದಕ್ಕೇ ಇಲ್ಲಿ ಸ್ಪ್ರಿಂಗ್ ಹಾಕುವ ವಿಧಾನ ಕಡಿಮೆ, ಹಾಕಿದ ಮೇಲೆ ಕಾಣುವ ಲಕ್ಷಣಗಳ ಮಾತೇ ಜಾಸ್ತಿ.

## ಸ್ಪ್ರಿಂಗ್ ಮಾಡುವ ಕೆಲಸ ಎಷ್ಟು

ವೇಸ್ಟ್‌ಗೇಟ್ ಅಂದರೆ ಕೆರೆಯ ಕೋಡಿ ಅಂದುಕೊಳ್ಳಿ. ಎಂಜಿನ್ನಿಂದ ಹೊರಬರುವ ಬಿಸಿ ಹೊಗೆ ಟರ್ಬೊದ ಚಕ್ರ ತಿರುಗಿಸುತ್ತದೆ. ಟರ್ಬೊ ಹೊರಗಿನ ಗಾಳಿಯನ್ನು ಎಂಜಿನ್ನಿಗೆ ಒತ್ತಿ ತುಂಬುತ್ತದೆ, ಆ ಒತ್ತಡವೇ ಬೂಸ್ಟ್. ಬೇಕಾದಷ್ಟು ಒತ್ತಡ ಹುಟ್ಟಿದ ಮೇಲೆ ಮಿಕ್ಕ ಹೊಗೆ ಚಕ್ರಕ್ಕೆ ತಾಗದೆ ಪಕ್ಕದಿಂದ ಸೈಲೆನ್ಸರ್ ಕಡೆ ಹೋಗಬೇಕು. ಆ ಪಕ್ಕದ ದಾರಿಯ ಬಾಗಿಲೇ ವೇಸ್ಟ್‌ಗೇಟ್. ಬಾಗಿಲನ್ನು ಮುಚ್ಚಿ ಹಿಡಿಯುವುದು ಸ್ಪ್ರಿಂಗ್. ತೆರೆಸುವುದು ಟರ್ಬೊ ಹುಟ್ಟಿಸಿದ ಗಾಳಿಯೇ. ಅದು ಸಣ್ಣ ಹೋಸ್‌ನಲ್ಲಿ ಬಂದು ಆಕ್ಚುಯೇಟರ್ (ಬಾಗಿಲು ಆಡಿಸುವ ಡಬ್ಬಿ) ಒಳಗಿನ ಡಯಾಫ್ರಮ್, ಅಂದರೆ ರಬ್ಬರ್ ಪೊರೆಯನ್ನು ತಳ್ಳುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಕೋಡಿ ಎತ್ತರವಾಯಿತು, ಅಷ್ಟೇ. ಏರಿಯಲ್ಲಿ ತೂತಿದ್ದರೆ ಕೋಡಿ ಎಷ್ಟು ಎತ್ತರಿಸಿದರೂ ಕೆರೆ ತುಂಬುವುದಿಲ್ಲ ಅಲ್ವಾ? ಇಲ್ಲೂ ಹಾಗೇ.

ಸ್ಪ್ರಿಂಗ್ ನಿರ್ಧರಿಸುವುದು ಬೂಸ್ಟ್‌ನ ಕನಿಷ್ಠ ಮಟ್ಟವನ್ನು, ಗರಿಷ್ಠವನ್ನಲ್ಲ. ಆಕ್ಚುಯೇಟರ್‌ಗೆ ಹೋಗುವ ಗಾಳಿಯಲ್ಲಿ ಒಂದಿಷ್ಟನ್ನು ಸೊಲೆನಾಯ್ಡ್ (ಇಸಿಯು ನಡೆಸುವ ಕರೆಂಟ್ ವಾಲ್ವ್) ಬೇರೆ ಕಡೆ ಬಿಟ್ಟುಬಿಡುತ್ತದೆ. ಡಯಾಫ್ರಮ್‌ಗೆ ಕಡಿಮೆ ಒತ್ತಡ ತಾಗುತ್ತದೆ, ಬಾಗಿಲು ತಡವಾಗಿ ತೆರೆಯುತ್ತದೆ, ಬೂಸ್ಟ್ ಮೇಲೇರುತ್ತದೆ. ಹೀಗೆ 0.5 ಬಾರ್ ಸ್ಪ್ರಿಂಗ್ ಇರುವ ಕಾರು 0.9 ಬಾರ್‌ನಲ್ಲಿ ಓಡಬಹುದು. ಸೊಲೆನಾಯ್ಡ್ ಏರಿಸಬಲ್ಲದು, ಸ್ಪ್ರಿಂಗ್ ಮಟ್ಟಕ್ಕಿಂತ ಇಳಿಸಲಾರದು. ಸ್ಪ್ರಿಂಗ್ ಒತ್ತಡದ ಸುಮಾರು ಎರಡು ಪಟ್ಟಿನವರೆಗೆ ಅದರ ಹಿಡಿತ ಚೆನ್ನಾಗಿರುತ್ತದೆ ಎನ್ನುವುದು ಟ್ಯೂನಿಂಗ್ ಮಾಡುವವರ ಕೈಲೆಕ್ಕ.

ಇದರಿಂದ ಹುಟ್ಟುವ ಅಪಾಯದ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಏನೋ ತೊಂದರೆ ಕಂಡು ಕಾರು ಲಿಂಪ್ ಮೋಡ್‌ಗೆ (ಎಂಜಿನ್ ಉಳಿಸಲು ಬಲ ಕಡಿಮೆ ಮಾಡಿ ಓಡುವ ಸ್ಥಿತಿಗೆ) ಹೋದಾಗ ಸೊಲೆನಾಯ್ಡ್ ಆಫ್ ಆಗುತ್ತದೆ. ಬೂಸ್ಟ್ ಸ್ಪ್ರಿಂಗ್ ಮಟ್ಟಕ್ಕೆ ಬೀಳುತ್ತದೆ. ಮೂಲ ಸ್ಪ್ರಿಂಗ್ ಮೆತ್ತಗಿದ್ದರೆ ಆಗ ಎಂಜಿನ್ ಉಳಿಯುತ್ತದೆ. ನೀವು 1 ಬಾರ್ ಸ್ಪ್ರಿಂಗ್ ಹಾಕಿದ್ದರೆ ಸೊಲೆನಾಯ್ಡ್ ಆಫ್ ಆದಾಗಲೂ 1 ಬಾರ್ ಬರುತ್ತದೆ. ಇಸಿಯು ಥ್ರಾಟಲ್ (ಎಂಜಿನ್ನಿಗೆ ಗಾಳಿ ಹೋಗುವ ದಾರಿಯ ತಟ್ಟೆ) ಮುಚ್ಚಿ ತಡೆಯಬಹುದು, ಆದರೆ ಕೋಡಿಯ ಆಸರೆ ಹೋಯಿತು. ಆದ್ದರಿಂದ ಬೇಕಾದ ಗರಿಷ್ಠ ಬೂಸ್ಟ್ 1.2 ಬಾರ್ ಆದರೆ ಸ್ಪ್ರಿಂಗ್ 0.7ರ ಆಸುಪಾಸು ಸಾಕು ಎನ್ನುವವನು ನಾನು.

ಇನ್ನೊಂದು ಮಾತು. ನಿಮ್ಮ ಕಾರಿನಲ್ಲಿ ಬದಲಿಸಬಹುದಾದ ಸ್ಪ್ರಿಂಗ್ ಇದೆಯೇ ಎಂದು ಮೊದಲು ನೋಡಿ. ಇಂದಿನ ಅನೇಕ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ, ಉದಾಹರಣೆಗೆ ಫೋಕ್ಸ್‌ವ್ಯಾಗನ್ ಸಮೂಹದ 1.0 ಟಿಎಸ್‌ಐನಲ್ಲಿ, ವೇಸ್ಟ್‌ಗೇಟನ್ನು ಎಲೆಕ್ಟ್ರಿಕ್ ಮೋಟಾರ್ ನಡೆಸುತ್ತದೆ. ಅಲ್ಲಿ ಸ್ಪ್ರಿಂಗ್ ಮಾತೇ ಇಲ್ಲ. ಡೀಸೆಲ್‌ಗಳಲ್ಲಿ ಹಲವಕ್ಕೆ ವಿಜಿಟಿ ಟರ್ಬೊ (ಹೊಗೆಯ ದಾರಿಯನ್ನು ರೆಕ್ಕೆಗಳಿಂದ ಹಿಗ್ಗಿಸಿ ಕುಗ್ಗಿಸುವಂಥದ್ದು) ಇರುತ್ತದೆ, ಅದಕ್ಕೆ ವೇಸ್ಟ್‌ಗೇಟೇ ಇರುವುದಿಲ್ಲ. ಫಿಯೆಟ್‌ನ 1.3 ಮಲ್ಟಿಜೆಟ್ ನೆನಪಿದೆಯೇ? ಅದರ 75 ಕುದುರೆಬಲದ ರೂಪದಲ್ಲಿ ಮಾಮೂಲಿ ಟರ್ಬೊ, 90ರದ್ದರಲ್ಲಿ ವಿಜಿಟಿ. ಇನ್ನು ಕಂಪನಿಯ ಎಷ್ಟೋ ಆಕ್ಚುಯೇಟರ್ ಡಬ್ಬಿಗಳ ಅಂಚನ್ನು ಮಡಚಿ ಮುಚ್ಚಿರುತ್ತಾರೆ, ಬಿಚ್ಚಲು ಬರುವುದಿಲ್ಲ. ಅಂಥವಕ್ಕೆ ಇಡೀ ಆಕ್ಚುಯೇಟರ್ ಬದಲಿಸಬೇಕು.

## ಬಾನೆಟ್ ಎತ್ತುವ ಮೊದಲು

ಪೆಟ್ರೋಲ್ ಟರ್ಬೊದ ಹೊಗೆ ಕಡೆಯ ಭಾಗ ಜೋರಾಗಿ ಓಡಿಸಿದಾಗ 800–900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಅರ್ಧ ಗಂಟೆಯಲ್ಲಿ ಅದು ತಣಿಯುವುದಿಲ್ಲ. ರಾತ್ರಿ ನಿಲ್ಲಿಸಿ ಬೆಳಗ್ಗೆ ಕೈ ಹಾಕಿ. ಕಾರಿನ ಕೆಳಗೆ ಹೋಗಬೇಕಾದರೆ ಬರೀ ಜಾಕ್ ನಂಬಬೇಡಿ, ಸ್ಟ್ಯಾಂಡ್ ಇಡಿ.

ಬಿಚ್ಚಲು ಬರುವ ವೇಸ್ಟ್‌ಗೇಟ್‌ನ ಮುಚ್ಚಳದ ಅಡಿಯಲ್ಲಿ ಸ್ಪ್ರಿಂಗ್ ಒತ್ತಿ ಕೂತಿರುತ್ತದೆ. ಬೋಲ್ಟುಗಳನ್ನು ಸರಸರ ತೆಗೆದರೆ ಮುಚ್ಚಳ ಮುಖಕ್ಕೇ ಹಾರುತ್ತದೆ. ಎದುರುಬದುರಿನ ಎರಡು ಬೋಲ್ಟಿನ ಜಾಗಕ್ಕೆ ಉದ್ದದ ಬೋಲ್ಟು ಹಾಕಿ, ಮಿಕ್ಕವನ್ನು ತೆಗೆದು, ಆಮೇಲೆ ಅವೆರಡನ್ನು ಸ್ವಲ್ಪಸ್ವಲ್ಪವೇ ಸಡಿಲಿಸಿ. ಕಣ್ಣಿಗೆ ಕನ್ನಡಕ ಹಾಕುವುದನ್ನು ಮರೆಯಬೇಡಿ.

ಬೂಸ್ಟ್ ಪರೀಕ್ಷೆಗೆ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಬೇಕಾಗುತ್ತದೆ. ಅಷ್ಟರಲ್ಲಿ ಕಾರು ಗಂಟೆಗೆ ನೂರು ಕಿಲೋಮೀಟರ್ ದಾಟಿರುತ್ತದೆ. ಇದು ರಿಂಗ್ ರೋಡಿನಲ್ಲಿ ಮಾಡುವ ಕೆಲಸವಲ್ಲ. ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಬಾಡಿಗೆಗೆ ಸಿಕ್ಕರೆ ಅದೇ ಒಳ್ಳೆಯದು. ಲ್ಯಾಪ್‌ಟಾಪ್ ನೋಡುವವರು ಬೇರೆ, ಓಡಿಸುವವರು ಬೇರೆ ಇರಲಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. ನೋಂದಣಿ ಪತ್ರದಲ್ಲಿರುವ, ತಯಾರಕರು ಕೊಟ್ಟ ವಿವರಗಳಿಗೆ ಹೊಂದದ ಹಾಗೆ ಗಾಡಿ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ವಾರಂಟಿ ಇದ್ದರೆ ಅದಕ್ಕೂ ಕೈ ಮುಗಿಯಿರಿ. ವಿಮೆ ಕ್ಲೇಮಿನಲ್ಲೂ ತಕರಾರು ಬರಬಹುದು.

## ಎಲ್ಲಕ್ಕಿಂತ ಮೊದಲು: ಬರೀ ಸ್ಪ್ರಿಂಗ್ ಮೇಲೆ ಓಡಿಸಿ ನೋಡಿ

ಇದೊಂದು ಪರೀಕ್ಷೆ ಅರ್ಧ ಗೊಂದಲ ಕಳೆಯುತ್ತದೆ. ಖರ್ಚು ಒಂದಡಿ ಹೋಸ್‌ನದು ಮಾತ್ರ.

ಟರ್ಬೊದ ಗಾಳಿ ಕಡೆಯಿಂದ ಬರುವ ಹೋಸ್ ಸಾಮಾನ್ಯವಾಗಿ ಸೊಲೆನಾಯ್ಡ್ ಹಾದು ಆಕ್ಚುಯೇಟರ್‌ಗೆ ಹೋಗುತ್ತದೆ. ಸೊಲೆನಾಯ್ಡನ್ನು ಬಿಟ್ಟು, ಟರ್ಬೊದಿಂದ ನೇರವಾಗಿ ಆಕ್ಚುಯೇಟರ್‌ಗೆ ಹೊಸ ಹೋಸ್ ಕೊಡಿ. ಎರಡು ತುದಿಗೂ ಕ್ಲಿಪ್ ಹಾಕಿ. ಸೊಲೆನಾಯ್ಡ್‌ನ ತೆರೆದ ಬಾಯಿಗಳನ್ನು ಮುಚ್ಚಿ. ಅದರ ವೈರಿಂಗ್ ಕನೆಕ್ಟರ್ ತೆಗೆಯಬೇಡಿ, ಹಾಗೇ ಇರಲಿ. ತೆಗೆದರೆ ಸುಮ್ನೆ ಒಂದು ಎರರ್ ಕೋಡ್ ಬರುತ್ತದೆ. ಈಗ ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಮೂರನೇ ಗೇರಿನಲ್ಲಿ, 2,500 ಆರ್‌ಪಿಎಂನಿಂದ 5,500ರವರೆಗೆ ಒಂದು ಎಳೆತ. ಮೊದಲ ಸಲ ಪೂರ್ತಿ ಒತ್ತದೆ ಅರ್ಧದಷ್ಟು ಒತ್ತಿ, ಬೂಸ್ಟ್ ಒಂದು ಕಡೆ ನಿಲ್ಲುತ್ತದೆಯೇ ನೋಡಿ. ನಿಲ್ಲದೆ ಏರುತ್ತಲೇ ಹೋದರೆ ತಕ್ಷಣ ಕಾಲು ತೆಗೆಯಿರಿ.

ಬೂಸ್ಟ್ ಸ್ಪ್ರಿಂಗಿನ ಮೇಲೆ ಬರೆದ ಅಂಕಿಯ ಹತ್ತಿರ ನಿಂತರೆ ಸ್ಪ್ರಿಂಗ್, ಡಯಾಫ್ರಮ್, ಬಾಗಿಲು ಮೂರೂ ಸರಿ ಇವೆ. ತೊಂದರೆ ಸೊಲೆನಾಯ್ಡ್ ಅಥವಾ ಇಸಿಯು ಕಡೆಯದು. ಅಂಕಿಗಿಂತ ತೀರಾ ಕಡಿಮೆ ನಿಂತರೆ ಸೋರಿಕೆ ಅಥವಾ ಆಕ್ಚುಯೇಟರ್. ಅಂಕಿ ದಾಟಿ ಆರ್‌ಪಿಎಂ ಜೊತೆ ಏರುತ್ತಿದ್ದರೆ ಬಾಗಿಲಿನ ದಾರಿ ಸಾಲದು.

ಅಂಕಿ ಪಕ್ಕಾ ಹೊಂದಲೇಬೇಕು ಎಂದೇನಿಲ್ಲ. ಸ್ಪ್ರಿಂಗ್ ಬಾಗಿಲನ್ನು ಮುಚ್ಚಿ ಹಿಡಿಯುವಾಗ ಆಚೆಯಿಂದ ಹೊಗೆಯೂ ಬಾಗಿಲನ್ನು ತಳ್ಳುತ್ತಿರುತ್ತದೆ. ಆದ್ದರಿಂದ 0.7 ಎಂದು ಬರೆದ ಸ್ಪ್ರಿಂಗ್ ಕಾರಿನಲ್ಲಿ 0.6 ಕೊಟ್ಟರೆ ಗಾಬರಿ ಬೇಡ. 0.4 ಕೊಟ್ಟರೆ ಮುಂದೆ ಓದಿ.

## ಲಕ್ಷಣ: ಬೂಸ್ಟ್ ಬರಬೇಕಾದಷ್ಟು ಬರುತ್ತಿಲ್ಲ, ಪಿಕಪ್ ಸತ್ತಿದೆ

ಸ್ಕ್ಯಾನರ್‌ನಲ್ಲಿ (ಇಸಿಯು ಓದಿ ತೋರಿಸುವ ಯಂತ್ರ) ಇದು ಹೆಚ್ಚಾಗಿ ಪಿ0299 ಎಂಬ ಎರರ್ ಕೋಡ್ ಆಗಿ ಕಾಣುತ್ತದೆ. ಅಂದರೆ ಕೇಳಿದಷ್ಟು ಬೂಸ್ಟ್ ಸಿಕ್ಕಿಲ್ಲ.

ಮೊದಲು ಲೆಕ್ಕ ಸರಿಯೇ ನೋಡಿ, ದುಡ್ಡು ಬೇಡದ ಕೆಲಸ. ಸ್ಪ್ರಿಂಗ್ ಡಬ್ಬಿಯ ಮೇಲೆ ಪಿಎಸ್‌ಐ ಬರೆದಿದ್ದು, ನಿಮ್ಮ ಮೀಟರ್ ಬಾರ್ ತೋರಿಸುತ್ತಿರಬಹುದು. 14.5 ಪಿಎಸ್‌ಐ ಅಂದರೆ 1 ಬಾರ್, 10 ಪಿಎಸ್‌ಐ ಅಂದರೆ ಸುಮಾರು 0.7. ಇನ್ನು ಸ್ಕ್ಯಾನರ್ ತೋರಿಸುವುದು ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿದ ಅಂಕಿ. ಅದರಿಂದ ಹೊರಗಿನ ಒತ್ತಡ ಕಳೆದರೆ ಉಳಿಯುವುದೇ ಬೂಸ್ಟ್.

ಈ ಹೊರಗಿನ ಒತ್ತಡ ಎಲ್ಲ ಊರಲ್ಲೂ ಒಂದೇ ಅಲ್ಲ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಮ್ಯಾಪ್ ಸೆನ್ಸರ್ (ಎಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಓದಿ. ಮಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲ್ ಆಸುಪಾಸು ಬರಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ 91ರ ಆಸುಪಾಸು. ಡಯಾಫ್ರಮ್‌ನ ಒಂದು ಬದಿ ಹೊರಗಿನ ಗಾಳಿಗೆ ತೆರೆದಿರುವುದರಿಂದ ಸ್ಪ್ರಿಂಗ್ ಕೊಡುವುದು ಹೊರಗಿನ ಒತ್ತಡದ ಮೇಲಿನ ಏರಿಕೆಯನ್ನು ಮಾತ್ರ. ಹಾಗಾಗಿ ಅದೇ 0.7 ಬಾರ್ ಸ್ಪ್ರಿಂಗಿಗೆ ಸ್ಕ್ಯಾನರ್ ಮಂಗಳೂರಿನಲ್ಲಿ 171 ತೋರಿಸಿದರೆ ಬೆಂಗಳೂರಿನಲ್ಲಿ 161 ತೋರಿಸುತ್ತದೆ. ಕರಾವಳಿಯ ಗೆಳೆಯನ ಲಾಗ್ (ಓಡಿಸುವಾಗ ಸ್ಕ್ಯಾನರ್ ಬರೆದಿಟ್ಟ ಅಂಕಿಗಳು) ಇಟ್ಟುಕೊಂಡು ನಿಮ್ಮ ಕಾರನ್ನು ಬೈಯಬೇಡಿ. ಎಂಜಿನ್ ಆಫ್ ಇದ್ದಾಗಲೇ ಬೆಂಗಳೂರಿನಲ್ಲಿ 100 ತೋರಿಸುತ್ತಿದ್ದರೆ ಸೆನ್ಸರ್ ಮೇಲೆಯೇ ಅನುಮಾನ ಪಡಬೇಕು.

ಲೆಕ್ಕ ಸರಿ ಇದ್ದರೆ ಸೋರಿಕೆ ಹುಡುಕಿ. ನನ್ನ ಅನುಭವದಲ್ಲಿ ತೊಂದರೆ ಹೆಚ್ಚಾಗಿ ಇಲ್ಲೇ ಮುಗಿಯುತ್ತದೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ, ಅಲ್ಲಿಂದ ಥ್ರಾಟಲ್‌ಗೆ ಹೋಗುವ ಪ್ರತಿ ಜೋಡಣೆಯನ್ನೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಹೋಸ್‌ನ ಹೊರಗೆ ಎಣ್ಣೆಯ ಹೊಸ ಕಲೆ, ಅದಕ್ಕೆ ಧೂಳು ಮೆತ್ತಿಕೊಂಡಿದ್ದರೆ ಅಲ್ಲಿಂದ ಗಾಳಿ ಹೊರಬೀಳುತ್ತಿದೆ ಎಂದರ್ಥ. ಹಳೆಯ ಸ್ಪ್ರಿಂಗ್‌ನ ಒತ್ತಡಕ್ಕೆ ತಡೆದುಕೊಂಡಿದ್ದ ಹಳೆಯ ರಬ್ಬರ್ ಹೋಸ್ ಹೊಸ ಒತ್ತಡಕ್ಕೆ ಬಿರಿಯುವುದುಂಟು. ತಣ್ಣಗಿದ್ದಾಗ ಬಿರುಕು ಕಾಣದು, ಬೆರಳಲ್ಲಿ ಅಗಲಿಸಿ ನೋಡಬೇಕು.

ಕಣ್ಣಿಗೆ ಕಾಣದಿದ್ದರೆ ಪಂಕ್ಚರ್ ಅಂಗಡಿಯ ಉಪಾಯ. ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಟರ್ಬೊದ ಬಾಯಿಗೆ ವಾಲ್ವ್ ಇರುವ ಮುಚ್ಚಳ ಬಿಗಿಯಿರಿ. ನಿಧಾನವಾಗಿ 0.5 ಬಾರ್ ಗಾಳಿ ತುಂಬಿ. ಜೋಡಣೆಗಳ ಮೇಲೆಲ್ಲ ಸೋಪಿನ ನೀರು ಸಿಂಪಡಿಸಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ. ಒತ್ತಡ ಕಡಿಮೆಯೇ ಇರಲಿ, ಯಾವ ಕಾರಣಕ್ಕೂ 1 ಬಾರ್ ದಾಟಿಸಬೇಡಿ. ಮುಚ್ಚಳದ ನೇರಕ್ಕೆ ಮುಖ ಇಡಬೇಡಿ, ಅದು ಬುಲೆಟ್‌ನಂತೆ ಹಾರಬಹುದು. ಎಂಜಿನ್ ಒಳಗೆ ಸ್ವಲ್ಪ ಗಾಳಿ ಸೋರುವ ಸದ್ದು ಕೇಳುವುದು ಸಹಜ. ಕೆಲವು ಗ್ಯಾರೇಜ್‌ಗಳಲ್ಲಿ ಸ್ಮೋಕ್ ಮಷಿನ್ ಇರುತ್ತದೆ, ಅದಿದ್ದರೆ ಐದು ನಿಮಿಷದ ಕೆಲಸ.

ಡೈವರ್ಟರ್ ವಾಲ್ವ್ ಮರೆಯಬೇಡಿ. ಆಕ್ಸಿಲರೇಟರ್ ಬಿಟ್ಟಾಗ ಒತ್ತಡವನ್ನು ಹಿಂದಕ್ಕೆ ಬಿಡುವುದು ಅದರ ಕೆಲಸ. ಅದರ ಡಯಾಫ್ರಮ್ ಹರಿದರೆ ಬೂಸ್ಟ್ ಇರುವಾಗಲೂ ಬಿಡುತ್ತಲೇ ಇರುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ, ಸೋಪಿನ ನೀರಿಗೂ ಸಿಗುವುದಿಲ್ಲ. ಬಿಚ್ಚಿ, ಅದರ ಸಣ್ಣ ಬಾಯಿಯಿಂದ ಹೀರಿ, ಬೆರಳಲ್ಲಿ ಮುಚ್ಚಿ. ಹಿಡಿದು ನಿಂತರೆ ಸರಿ. ಎಲೆಕ್ಟ್ರಿಕ್ ಡೈವರ್ಟರ್ ಆದರೆ ಬಿಚ್ಚಿ ರಬ್ಬರನ್ನು ಕಣ್ಣಾರೆ ನೋಡಬೇಕು.

ಇಷ್ಟಾದ ಮೇಲೆ ಆಕ್ಚುಯೇಟರ್. ಒತ್ತಡ ಕೊಡುವ ಕೈಪಂಪ್ ಬೇಕು. ಮೀಟರ್ ಇರುವ ಸೈಕಲ್ ಪಂಪಿನಲ್ಲೂ ಮಾಡಿದ್ದೇನೆ. ಗ್ಯಾರೇಜ್ ಕಂಪ್ರೆಸರ್ ಅನ್ನು ನೇರವಾಗಿ ಕೊಡಲೇಬೇಡಿ. ಅದರ ಏಳೆಂಟು ಬಾರ್ ಒತ್ತಡಕ್ಕೆ ಡಯಾಫ್ರಮ್ ಒಂದೇ ಏಟಿಗೆ ಹರಿಯುತ್ತದೆ. ನಿಧಾನವಾಗಿ ಒತ್ತಡ ಏರಿಸಿ, ಆಕ್ಚುಯೇಟರನ್ನು ಬಾಗಿಲಿಗೆ ಜೋಡಿಸುವ ರಾಡ್ ಎಷ್ಟು ಒತ್ತಡಕ್ಕೆ ಅಲ್ಲಾಡಲು ಶುರುವಾಗುತ್ತದೆ ಬರೆದುಕೊಳ್ಳಿ. ಬಾಗಿಲು ಒಮ್ಮೆಗೇ ತೆರೆಯುವುದಿಲ್ಲ. ಬರೆದ ಅಂಕಿಗಿಂತ ಸ್ವಲ್ಪ ಮೊದಲೇ ಅಲ್ಲಾಡಿ, ಅಂಕಿ ದಾಟಿದ ಮೇಲೆ ಪೂರ್ತಿ ತೆರೆಯುತ್ತದೆ. ಒತ್ತಡ ಹಿಡಿದು ಒಂದು ನಿಮಿಷ ಬಿಡಿ. ಮುಳ್ಳು ಇಳಿದರೆ ಡಯಾಫ್ರಮ್ ಸೋರುತ್ತಿದೆ. ಸ್ಪ್ರಿಂಗ್ ಬದಲಿಸುವಾಗ ಡಯಾಫ್ರಮ್‌ನ ಅಂಚು ಅದರ ತೋಡಿನಲ್ಲಿ ಕೂರದೆ ಮುಚ್ಚಳದ ಅಡಿ ಸಿಕ್ಕಿಕೊಂಡಿರುವುದು ತುಂಬ ಸಾಮಾನ್ಯ. ಆದರೆ ಸೋರುವ ಡಯಾಫ್ರಮ್ ಬೂಸ್ಟ್ ಇಳಿಸುವುದಿಲ್ಲ, ಏರಿಸುತ್ತದೆ; ಬಾಗಿಲು ತೆರೆಯಬೇಕಾದ ಗಾಳಿಯೇ ಪೋಲಾಗುತ್ತದಲ್ಲ. ಇದನ್ನು ಉಲ್ಟಾ ತಿಳಿದುಕೊಂಡವರು ಬಹಳ.

ಬೂಸ್ಟ್ ಕಡಿಮೆಗೆ ಕಾರಣವಾಗುವುದು ರಾಡ್‌ನ ಪ್ರಿಲೋಡ್ ಸಾಲದಿರುವುದು. ಪ್ರಿಲೋಡ್ ಅಂದರೆ ಮುಚ್ಚಿದ ಬಾಗಿಲನ್ನು ರಾಡ್ ಎಳೆದು ಹಿಡಿಯುವ ಬಿಗಿ. ಎಂಜಿನ್ ತಣ್ಣಗಿರುವಾಗ ರಾಡ್‌ನ ತುದಿಯ ಕ್ಲಿಪ್ ತೆಗೆದು ಪಿನ್ನಿನಿಂದ ಬಿಡಿಸಿ. ಬಾಗಿಲನ್ನು ಕೈಯಲ್ಲಿ ಪೂರ್ತಿ ಮುಚ್ಚಿ. ಈಗ ರಾಡ್‌ನ ತೂತು ಪಿನ್ನಿಗೆ ಒಂದೆರಡು ಮಿಲಿಮೀಟರ್ ಸಾಲದೆ ಬರಬೇಕು, ಎಳೆದು ಸಿಕ್ಕಿಸಬೇಕು. ಸಲೀಸಾಗಿ ಕೂತರೆ ಬಾಗಿಲಿಗೆ ಬಿಗಿ ಇಲ್ಲ, ಹೊಗೆ ಸಣ್ಣಗೆ ನುಸುಳುತ್ತಿರುತ್ತದೆ. ಲಾಕ್ ನಟ್ಟು ಸಡಿಲಿಸಿ, ಒಂದು ಸಲಕ್ಕೆ ಒಂದು ಸುತ್ತು ಮಾತ್ರ ಗಿಡ್ಡ ಮಾಡಿ, ಮತ್ತೆ ಪರೀಕ್ಷಿಸಿ. ಜಾಸ್ತಿ ಬಿಗಿದರೆ ಬೂಸ್ಟ್ ಏರುತ್ತದೆ ಎಂದು ಆರೇಳು ಸುತ್ತು ತಿರುಗಿಸುವವರಿದ್ದಾರೆ. ಹಾಗೆ ಮಾಡಿದರೆ ರಾಡ್ ಹೋಗಬೇಕಾದಷ್ಟು ದೂರ ಹೋಗದು, ಬಾಗಿಲು ಅರ್ಧವೇ ತೆರೆಯುತ್ತದೆ. ಆಗ ಮುಂದಿನ ಲಕ್ಷಣ ಮೈಮೇಲೆ ಬರುತ್ತದೆ.

ಬಾಗಿಲನ್ನು ಕೈಯಲ್ಲಿ ಆಡಿಸಿದಾಗ ಎಲ್ಲಾದರೂ ತಡೆದರೆ, ಕರಿ ಕಟ್ಟಿ ಪೂರ್ತಿ ಕೂರದಿದ್ದರೆ, ಕೂರುವ ಜಾಗದಲ್ಲಿ ಬಿರುಕು ಇದ್ದರೆ ಟರ್ಬೊ ಬಿಚ್ಚಬೇಕು. ಮನೆ ಮುಂದೆ ಮಾಡುವ ಕೆಲಸವಲ್ಲ.

ಬರೀ ಸ್ಪ್ರಿಂಗ್ ಮೇಲೆ ಸರಿ ಇದ್ದು, ಸೊಲೆನಾಯ್ಡ್ ಜೋಡಿಸಿದಾಗ ಬೂಸ್ಟ್ ಏರದಿದ್ದರೆ ಲಾಗ್‌ನಲ್ಲಿ ಥ್ರಾಟಲ್ ಎಷ್ಟು ತೆರೆದಿದೆ ನೋಡಿ. ನೀವು ಪೂರ್ತಿ ಒತ್ತಿದ್ದರೂ ಥ್ರಾಟಲ್ ಅರ್ಧ ಮುಚ್ಚಿದ್ದರೆ ಇಸಿಯು ತಾನೇ ತಡೆಯುತ್ತಿದೆ. ಅದು ಟಾರ್ಕ್ ಮಿತಿ ಕಾಯುತ್ತಿದೆ. ಇದಕ್ಕೆ ಸ್ಪ್ಯಾನರ್ ಕೆಲಸ ಮಾಡದು, ರೀಮ್ಯಾಪ್ ಬೇಕು, ಅಂದರೆ ಇಸಿಯು ಒಳಗಿನ ಲೆಕ್ಕವನ್ನೇ (ಅದನ್ನು ಮ್ಯಾಪ್ ಅನ್ನುತ್ತಾರೆ) ತಿದ್ದಿಸಬೇಕು.

## ಲಕ್ಷಣ: ಬೂಸ್ಟ್ ಮಿತಿ ಮೀರುತ್ತಿದೆ, ಕಾರು ಹಿಡಿದೆಳೆದ ಹಾಗೆ ನಿಂತುಬಿಡುತ್ತದೆ

ಪೂರ್ತಿ ಎಳೆತದಲ್ಲಿರುವಾಗ ಯಾರೋ ಬ್ರೇಕ್ ಒತ್ತಿದ ಹಾಗೆ ಆದರೆ ಅದು ಇಸಿಯು ಪೆಟ್ರೋಲ್ ಕಡಿದಿದ್ದು. ಜೊತೆಗೆ ಪಿ0234 ಕೋಡ್. ಇದನ್ನು ಕಿರಿಕಿರಿ ಎಂದುಕೊಳ್ಳಬೇಡಿ, ನಿಮ್ಮ ಪಿಸ್ಟನ್ ಉಳಿಸಿದ್ದು ಅದೇ. ಕಾರಣ ಸಿಗುವವರೆಗೆ ಮತ್ತೆ ಪೂರ್ತಿ ಒತ್ತಬೇಡಿ.

ಮೊದಲು ನೋಡಬೇಕಾದ್ದು ಆಕ್ಚುಯೇಟರ್‌ಗೆ ಹೋಗುವ ಸಣ್ಣ ಹೋಸ್. ಕಳಚಿದೆಯೇ, ಮಡಚಿಕೊಂಡಿದೆಯೇ, ಬಿಸಿ ಹೊಗೆಯ ಮ್ಯಾನಿಫೋಲ್ಡ್‌ಗೆ ತಾಗಿ ಕರಗಿದೆಯೇ? ಈ ಹೋಸ್ ಕಳಚಿದರೆ ಕೋಡಿಗೆ ಗೋಡೆ ಕಟ್ಟಿದ ಹಾಗೆ. ಬಾಗಿಲು ತೆರೆಯುವುದೇ ಇಲ್ಲ. ಕೆಲವರು ಅದನ್ನು ಕೇಬಲ್ ಟೈನಲ್ಲಿ ಕಟ್ಟುತ್ತಾರೆ. ಬಿಸಿಗೆ ಟೈ ಮುರಿಯುತ್ತದೆ, ಇಲ್ಲವೇ ಹೋಸನ್ನೇ ಕೊಯ್ಯುತ್ತದೆ. ಹತ್ತಿಪ್ಪತ್ತು ರೂಪಾಯಿಯ ಕ್ಲಿಪ್ ಹಾಕಿ.

ಮುಂದೆ ಜೋಡಣೆ. ಮೂರು ಬಾಯಿಯ ಸೊಲೆನಾಯ್ಡ್‌ನಲ್ಲಿ ಒಂದು ಟರ್ಬೊದಿಂದ, ಒಂದು ಆಕ್ಚುಯೇಟರ್‌ಗೆ, ಒಂದು ಟರ್ಬೊದ ಮುಂದಿನ ಏರ್ ಪೈಪಿಗೆ. ಕರೆಂಟ್ ಇಲ್ಲದಾಗ ಟರ್ಬೊ ಮತ್ತು ಆಕ್ಚುಯೇಟರ್ ಬಾಯಿಗಳು ಒಂದಕ್ಕೊಂದು ಸೇರಿರಬೇಕು. ಬಿಚ್ಚಿ ಬಾಯಲ್ಲಿ ಊದಿ ನೋಡಿದರೆ ಗೊತ್ತಾಗುತ್ತದೆ. ನನ್ನ ಗೆಳೆಯನೊಬ್ಬನ ಕಾರಿನಲ್ಲಿ ಎರಡು ಹೋಸ್ ಅದಲುಬದಲಾಗಿ ಒಂದು ಗ್ಯಾರೇಜಿನಿಂದ ಹೊರಬಿದ್ದಿತ್ತು. ಮನೆ ಮುಟ್ಟುವಷ್ಟರಲ್ಲಿ ಮೂರು ಸಲ ಪೆಟ್ರೋಲ್ ಕಟ್.

ಟರ್ಬೊದ ಹೊರಗೆ ಬೇರೆಯಾಗಿ ಕೂರಿಸಿದ ಎಕ್ಸ್‌ಟರ್ನಲ್ ವೇಸ್ಟ್‌ಗೇಟ್ ಆದರೆ ಬದಿಯ ಬಾಯಿಗೆ ಬಂದ ಒತ್ತಡ ಬಾಗಿಲು ತೆರೆಯುತ್ತದೆ, ಮೇಲಿನ ಬಾಯಿಯದು ಮುಚ್ಚುತ್ತದೆ. ಸೊಲೆನಾಯ್ಡ್ ಇಲ್ಲದ ಜೋಡಣೆಯಲ್ಲಿ ಮೇಲಿನ ಬಾಯಿ ಹೊರಗಾಳಿಗೆ ತೆರೆದಿರಲೇಬೇಕು. ಧೂಳು ಹೋಗುತ್ತದೆಂದು ಅದಕ್ಕೆ ಬೋಲ್ಟು ಜಡಿದು ಮುಚ್ಚಿದವರ ಬೂಸ್ಟ್ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುವುದಿಲ್ಲ.

ಹೋಸ್ ಎಲ್ಲ ಸರಿ ಇದ್ದರೆ ಇಸಿಯು ಲೆಕ್ಕ. ಹಳೆಯ ಮೆತ್ತನೆ ಸ್ಪ್ರಿಂಗಿಗೆ ಇಷ್ಟು ಬೂಸ್ಟ್ ಬೇಕಾದರೆ ಸೊಲೆನಾಯ್ಡನ್ನು ಇಷ್ಟು ನಡೆಸಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಸ್ಪ್ರಿಂಗ್ ಬದಲಾದದ್ದು ಅದಕ್ಕೆ ಗೊತ್ತಿಲ್ಲ. ಹಳೆಯ ಲೆಕ್ಕದಲ್ಲೇ ನಡೆಸಿದರೆ ಬೂಸ್ಟ್ ಗುರಿ ದಾಟಿ ಜಿಗಿಯುತ್ತದೆ, ಆಮೇಲೆ ಇಸಿಯು ತಡಬಡಾಯಿಸಿ ಇಳಿಸುತ್ತದೆ. ಲಾಗ್‌ನಲ್ಲಿ ಗುರಿಯ ಗೆರೆಯ ಮೇಲೆ ಒಂದು ಚೂಪಾದ ಕೊಂಬು ಕಾಣುತ್ತದೆ. ಕಡಿಮೆ ಬೆಲೆಯ ಬ್ಲೂಟೂತ್ ಸ್ಕ್ಯಾನರ್ ಡಾಂಗಲ್‌ಗಳು ಸೆಕೆಂಡಿಗೆ ಕೆಲವೇ ಸಲ ಓದುವುದರಿಂದ ಈ ಕೊಂಬು ಅವುಗಳ ಕಣ್ಣು ತಪ್ಪಿಸುತ್ತದೆ. ಲಾಗ್ ಸರಿ ಇದೆ, ಕೋಡ್ ಮಾತ್ರ ಬರುತ್ತಿದೆ ಎನ್ನುವವರು ಇದನ್ನು ನೆನಪಿಡಿ.

ಇನ್ನೊಂದು ರೂಪ: ಕಡಿಮೆ ಬೂಸ್ಟ್ ಸಾಕಾದಾಗಲೂ, ಅಂದರೆ ಗುರಿ 0.5 ಇದ್ದಾಗಲೂ, ಸೊಲೆನಾಯ್ಡ್ ಸೊನ್ನೆಗೆ ಇಳಿದಿದ್ದರೂ ಬೂಸ್ಟ್ 0.8 ಬರುತ್ತದೆ. ನಿಮ್ಮ ಸ್ಪ್ರಿಂಗ್ ಮ್ಯಾಪ್‌ಗೆ ತೀರಾ ಗಟ್ಟಿ ಎಂದರ್ಥ. ಮ್ಯಾಪ್ ಬದಲಿಸಿ, ಇಲ್ಲವೇ ಒಂದು ಹಂತ ಮೆತ್ತನೆಯ ಸ್ಪ್ರಿಂಗ್ ಹಾಕಿ. ಒಂದರೊಳಗೊಂದು ಎರಡು ಸ್ಪ್ರಿಂಗ್ ಇದ್ದರೆ ಒಳಗಿನದು ತೆಗೆದರೆ ಎಷ್ಟಾಗುತ್ತದೆ ಎಂದು ತಯಾರಕರ ಪಟ್ಟಿಯಲ್ಲಿ ನೋಡಿ. ಬಣ್ಣ ನೋಡಿ ಊಹಿಸಬೇಡಿ, ಒಂದು ಕಂಪನಿಯ ಕೆಂಪು ಇನ್ನೊಂದರ ಕೆಂಪಲ್ಲ.

ಬರೀ ಸ್ಪ್ರಿಂಗ್ ಮೇಲೆ ಓಡಿಸಿದಾಗಲೂ 3,500ರಲ್ಲಿ 0.7 ಇದ್ದದ್ದು 5,500ಕ್ಕೆ 1.0 ಆಗುತ್ತಿದ್ದರೆ ಅದು ಬೂಸ್ಟ್ ಕ್ರೀಪ್. ಕೋಡಿ ಅಗಲ ಸಾಲದೆ ಪ್ರವಾಹ ಮೇಲೇರಿದ ಹಾಗೆ. ಸೈಲೆನ್ಸರ್ ಕಡೆ ದೊಡ್ಡ ಡೌನ್‌ಪೈಪ್ ಹಾಕಿಸಿದ ಕಾರುಗಳಲ್ಲಿ ಇದು ಜಾಸ್ತಿ. ನಾಲ್ಕನೇ ಗೇರಿನಲ್ಲಿ, ಚಳಿಯ ರಾತ್ರಿಯಲ್ಲಿ ಇನ್ನೂ ಜಾಸ್ತಿ. ಪ್ರಿಲೋಡ್ ಅತಿಯಾಗಿದ್ದರೆ ಮೊದಲು ಅದನ್ನು ಸಡಿಲಿಸಿ. ಹೊಸ ಡೌನ್‌ಪೈಪಿನ ಅಂಚಿಗೆ ಬಾಗಿಲು ತಗುಲಿ ನಿಲ್ಲುತ್ತಿದೆಯೇ ನೋಡಿ. ಎರಡೂ ಅಲ್ಲದಿದ್ದರೆ ವೇಸ್ಟ್‌ಗೇಟ್‌ನ ತೂತು ದೊಡ್ಡದು ಮಾಡಿಸಬೇಕು ಅಥವಾ ದೊಡ್ಡ ಎಕ್ಸ್‌ಟರ್ನಲ್ ಗೇಟ್ ಹಾಕಿಸಬೇಕು. ಸ್ಪ್ರಿಂಗ್ ಬದಲಿಸಿ ಇದನ್ನು ಸರಿಪಡಿಸಲು ಹೋಗಬೇಡಿ, ಆಗುವುದಿಲ್ಲ.

## ಲಕ್ಷಣ: ಚೆನ್ನಾಗಿ ಏರುತ್ತದೆ, ಮೇಲಿನ ಆರ್‌ಪಿಎಂನಲ್ಲಿ ಇಳಿದುಹೋಗುತ್ತದೆ

ಲಾಗ್‌ನಲ್ಲಿ ಸೊಲೆನಾಯ್ಡ್ ಎಷ್ಟು ದುಡಿಯುತ್ತಿದೆ ನೋಡಿ. ಶೇಕಡಾ 90–95 ದುಡಿದರೂ ಬೂಸ್ಟ್ ಇಳಿಯುತ್ತಿದ್ದರೆ ಒಂದೋ ಹೊಗೆಯ ಒತ್ತಡ ಬಾಗಿಲನ್ನು ತಳ್ಳಿ ತೆರೆಯುತ್ತಿದೆ, ಇಲ್ಲವೇ ಸಣ್ಣ ಟರ್ಬೊ ಸುಸ್ತಾಗಿದೆ. ಮೊದಲನೆಯದಕ್ಕೆ ಗಟ್ಟಿ ಸ್ಪ್ರಿಂಗ್ ನಿಜಕ್ಕೂ ಮದ್ದು. ಎರಡನೆಯದಕ್ಕೆ ಅಲ್ಲ. ಸಣ್ಣ ಟರ್ಬೊವನ್ನು ಮಿತಿ ಮೀರಿ ತಿರುಗಿಸಿದರೆ ಸಿಗುವುದು ಬಿಸಿ ಗಾಳಿ, ಆಮೇಲೆ ಮುರಿದ ಟರ್ಬೊ. ಒಂದು ಹಂತ ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೂ ಅದೇ ಆರ್‌ಪಿಎಂನಲ್ಲಿ ಇಳಿದರೆ ಅಲ್ಲಿಗೆ ಬಿಟ್ಟುಬಿಡಿ. ಸೊಲೆನಾಯ್ಡ್ ತಾನೇ ಕಡಿಮೆ ಮಾಡುತ್ತಿದ್ದರೆ ಮ್ಯಾಪ್‌ನಲ್ಲೇ ಹಾಗೆ ಬರೆದಿದೆ, ದೋಷವಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಹೀಗಾಗುತ್ತದೆ. ಅದನ್ನೂ ಒಮ್ಮೆ ನೋಡಿಬಿಡಿ.

## ಲಕ್ಷಣ: ಹೊಸ ಸದ್ದುಗಳು

ಐಡ್ಲಿಂಗ್‌ನಲ್ಲಿ ತಗಡು ಅಲುಗಿದಂಥ ಕಟಕಟ ಬಾಗಿಲಿನ ಪಿನ್ ಅಥವಾ ರಾಡ್ ಕ್ಲಿಪ್‌ನದು. ಬೂಸ್ಟ್ ಜೊತೆ ಏರುವ ಸಿಳ್ಳೆ ಅಥವಾ ಬುಸ್ ಸದ್ದು ಸೋರಿಕೆಯದು. ಆಕ್ಸಿಲರೇಟರ್ ಬಿಟ್ಟಾಗ ಪಟಪಟ ಎಂದರೆ ಡೈವರ್ಟರ್ ತೆರೆಯುತ್ತಿಲ್ಲ, ವೇಸ್ಟ್‌ಗೇಟ್ ಮುಟ್ಟಬೇಡಿ. ತಣ್ಣನೆ ಎಂಜಿನ್ನಿನಲ್ಲಿ ಟಿಕ್‌ಟಿಕ್ ಬಂದು ಬಿಸಿಯಾದ ಮೇಲೆ ಹೋದರೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಅದರ ಜೊತೆ ಕಾರಿನೊಳಗೆ ಹೊಗೆಯ ವಾಸನೆ ಬಂದರೆ ಓಡಿಸುವುದನ್ನು ನಿಲ್ಲಿಸಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿಮಗೆ ಬರುತ್ತಿರುವುದು ಅದರ ಜೊತೆಗಾರರ ವಾಸನೆ.

## ಲಕ್ಷಣ: ಬೂಸ್ಟ್ ಸರಿ, ಆದರೆ ಎಂಜಿನ್ ಜರ್ಕ್ ಹೊಡೆಯುತ್ತದೆ

ಹೊಸ ಬೂಸ್ಟ್ ಬಂದ ಕ್ಷಣಕ್ಕೆ ಸರಿಯಾಗಿ ಮಿಸ್ಸಿಂಗ್ ಶುರುವಾದರೆ ಸ್ಪಾರ್ಕ್ ಪ್ಲಗ್ ನೋಡಿ. ಒತ್ತಡ ಏರಿದಷ್ಟೂ ಕಿಡಿ ಜಿಗಿಯುವುದು ಕಷ್ಟ. ಗ್ಯಾಪ್ 0.6–0.7 ಮಿಲಿಮೀಟರ್‌ಗೆ ಇಳಿಸಿದರೆ ಬಹಳಷ್ಟು ಸಲ ನಿಲ್ಲುತ್ತದೆ. ನಿಲ್ಲದಿದ್ದರೆ ಇಗ್ನಿಷನ್ ಕಾಯಿಲ್‌ಗಳನ್ನು ಒಂದರ ಜಾಗಕ್ಕೆ ಇನ್ನೊಂದು ಹಾಕಿ, ಮಿಸ್ಸಿಂಗ್ ಜೊತೆಗೆ ಹೋಗುತ್ತದೆಯೇ ನೋಡಿ. ಆರ್‌ಪಿಎಂ ಏರುತ್ತಿದ್ದು ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಡಬ್ಬಿಯಲ್ಲಿ ಗೋಲಿ ಕುಲುಕಿದಂಥ ಸದ್ದು ಬಂದರೆ ಮಾತ್ರ ಪರೀಕ್ಷೆ ಗಿರೀಕ್ಷೆ ಬೇಡ. ಅದು ನಾಕಿಂಗ್, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ಹದ ತಪ್ಪಿ ಹೊತ್ತಿಕೊಳ್ಳುವುದು. ಕಾಲು ತೆಗೆಯಿರಿ. ಇಸಿಯು ಇಗ್ನಿಷನ್ ಹಿಂದಕ್ಕೆ ಎಳೆಯುತ್ತಿದೆಯೇ ಎಂದು ಲಾಗ್‌ನಲ್ಲಿ ಸಿಲಿಂಡರ್‌ವಾರು ಕಾಣುತ್ತದೆ. ಹೆಚ್ಚು ಆಕ್ಟೇನ್‌ನ ಪೆಟ್ರೋಲ್, ಇಂಡಿಯನ್ ಆಯಿಲ್‌ನ ಎಕ್ಸ್‌ಪಿ100 ಥರದ್ದು, ತಾತ್ಕಾಲಿಕ ನೆಮ್ಮದಿ ಕೊಡುತ್ತದೆ. ಮ್ಯಾಪ್ ತಪ್ಪಿದ್ದರೆ ಅದೂ ಕಾಯುವುದಿಲ್ಲ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಇದ್ದವರು ಟಾಪ್ ಗೇರಿನಲ್ಲಿ 1,500–2,000 ಆರ್‌ಪಿಎಂನಿಂದ ಪೂರ್ತಿ ಒತ್ತಲೇಬೇಡಿ. ಕಿಡಿಗಿಂತ ಮೊದಲೇ ಪೆಟ್ರೋಲ್ ಹೊತ್ತಿ ಒಂದೇ ಏಟಿಗೆ ಪಿಸ್ಟನ್ ಒಡೆದದ್ದುಂಟು.

## ಕೈ ಬಿಟ್ಟು ಟ್ಯೂನರ್ ಹತ್ತಿರ ಹೋಗಬೇಕಾದ್ದು ಯಾವಾಗ

ನಾಕಿಂಗ್ ಮತ್ತೆ ಮತ್ತೆ ಬಂದರೆ. ಪೂರ್ತಿ ಬೂಸ್ಟ್‌ನಲ್ಲಿ ಏರ್–ಫ್ಯುಯಲ್ ಅನುಪಾತ 12.5ಕ್ಕಿಂತ ಮೇಲೆ ಹೋದರೆ, ಅಂದರೆ ಪೆಟ್ರೋಲ್ ಸಾಲುತ್ತಿಲ್ಲ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ. ಹೋಸ್, ಪ್ರಿಲೋಡ್ ಎಲ್ಲ ಸರಿ ಇದ್ದೂ ಬರೀ ಸ್ಪ್ರಿಂಗ್ ಮೇಲೆ ಬೂಸ್ಟ್ ನಿಲ್ಲದಿದ್ದರೆ. ಅಲ್ಲಿಯವರೆಗೆ ಹಳೆಯ ಸ್ಪ್ರಿಂಗ್ ವಾಪಸ್ ಹಾಕಿ ಮೆಲ್ಲಗೆ ಓಡಿಸಿ. ಅದಕ್ಕೇ ಹಳೆಯದನ್ನು ಬಿಸಾಡಬೇಡಿ ಎನ್ನುವುದು. ನನ್ನದು ಈಗಲೂ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿದೆ.

ಟ್ಯೂನರ್ ಹತ್ತಿರ ಹೋಗುವಾಗ ಬರೀ ಸ್ಪ್ರಿಂಗ್ ಮೇಲೆ ತೆಗೆದ ಲಾಗ್, ಸೊಲೆನಾಯ್ಡ್ ಜೋಡಿಸಿ ತೆಗೆದ ಲಾಗ್, ಸ್ಪ್ರಿಂಗ್ ಮೇಲಿನ ಅಂಕಿ, ಪ್ರಿಲೋಡ್ ಎಷ್ಟು ಸುತ್ತು ತಿರುಗಿಸಿದಿರಿ ಎಂಬ ಲೆಕ್ಕ, ಯಾವ ಊರಲ್ಲಿ ಓಡಿಸಿದಿರಿ, ಯಾವ ಪೆಟ್ರೋಲ್ ಹಾಕಿದ್ದಿರಿ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಇಲ್ಲದಿದ್ದರೆ ಅವರು ಇದೇ ಪರೀಕ್ಷೆಗಳನ್ನು ಮೊದಲಿನಿಂದ ಮಾಡುತ್ತಾರೆ, ಗಂಟೆ ಲೆಕ್ಕದಲ್ಲಿ ದುಡ್ಡು ನಿಮ್ಮದು.